ಹಿಟ್ಟು ತುಳಿದು ಕಲಿತ ಉಡೊನ್: ಕಗಾವಾದ ತರಗತಿ, ಉಡುಪಿಯ ಅಡುಗೆಮನೆ

ಜಪಾನಿನ ಶಿಕೊಕು ದ್ವೀಪದಲ್ಲಿ ಕಗಾವಾ ಅಂತ ಒಂದು ಪ್ರಾಂತ್ಯ ಇದೆ. ದೇಶದ 47 ಪ್ರಾಂತ್ಯಗಳಲ್ಲಿ ವಿಸ್ತೀರ್ಣದಲ್ಲಿ ಎಲ್ಲಕ್ಕಿಂತ ಚಿಕ್ಕದು ಇದೇ. ಹಳೆಯ ಹೆಸರು ಸನುಕಿ. ಉಡೊನ್ ಅಂದರೆ ಜಪಾನಿನವರಿಗೆ ಮೊದಲು ನೆನಪಾಗುವುದು ಈ ಊರು. ಗೋಧಿ ಹಿಟ್ಟು, ಉಪ್ಪು, ನೀರು, ಇಷ್ಟರಲ್ಲೇ ಆಗುವ ದಪ್ಪ ಶಾವಿಗೆ ಅದು. ಹಿಟ್ಟನ್ನು ಕೈಯಲ್ಲಿ ಕಲಸಿ, ಆಮೇಲೆ ಕಾಲಲ್ಲಿ ತುಳಿಯುತ್ತಾರೆ.

ನಾನು ಇರುವುದು ಒಸಾಕಾದಲ್ಲಿ. ಅಲ್ಲಿಂದ ಶಿಂಕಾನ್‌ಸೆನ್ ಹಿಡಿದು ಒಕಾಯಾಮಾಕ್ಕೆ ಹೋಗಿ, ಅಲ್ಲಿ ರೈಲು ಬದಲಿಸಿ, 1988ರಲ್ಲಿ ತೆರೆದ ಸೆತೊ ದೊಡ್ಡ ಸೇತುವೆ ದಾಟಿದರೆ ಕಗಾವಾ. ಕೊಂಪಿರಾ ದೇವಸ್ಥಾನ ಇರುವ ಕೊತೊಹಿರಾ ಊರಿನ ಆಸುಪಾಸಿನಲ್ಲಿ ಉಡೊನ್ ಕಲಿಸುವ ತರಗತಿಗಳು ಇವೆ. ಅಂಥದ್ದೊಂದಕ್ಕೆ ಸೇರಿಕೊಂಡೆ. ಊರಿಗೆ, ಅಂದರೆ ಉಡುಪಿಗೆ, ರಜೆಗೆ ಹೋದಾಗ ಅಲ್ಲಿನ ಮೈದಾದಲ್ಲಿ ಇದೇ ಉಡೊನ್ ಮಾಡಬೇಕು ಅನ್ನುವುದು ಲೆಕ್ಕಾಚಾರ. ಹಾಗಾಗಿ ತರಗತಿಯಲ್ಲಿ ರುಚಿ ನೋಡಿದ್ದಕ್ಕಿಂತ ತೂಕ, ಹೊತ್ತು ಬರೆದುಕೊಂಡದ್ದೇ ಜಾಸ್ತಿ.

ಮೊದಲು ಕಗಾವಾದ ವಿಷಯ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಇಲ್ಲಿ ಯಾಕೆ ಅಕ್ಕಿ ಬಿಟ್ಟು ಗೋಧಿ ಅನ್ನುವುದು ಗೊತ್ತಾಗುವುದಿಲ್ಲ. ಕಗಾವಾದಲ್ಲಿ ಮಳೆ ಕಮ್ಮಿ. ದೊಡ್ಡ ನದಿ ಇಲ್ಲ. ಸಾವಿರಾರು ಕೆರೆ ಕಟ್ಟಿಕೊಂಡು ಬದುಕಿದ ಜನ. ಮನ್ನೊ ಅನ್ನುವ ದೊಡ್ಡ ಕೆರೆಯ ಏರಿಯನ್ನು 821ರಲ್ಲಿ ದುರಸ್ತಿ ಮಾಡಿಸಿದ್ದು ಇದೇ ನಾಡಿನಲ್ಲಿ ಹುಟ್ಟಿದ ಬೌದ್ಧ ಸನ್ಯಾಸಿ ಕೂಕೈ. ಚೀನಾದಿಂದ ಉಡೊನ್ ತಂದವರೂ ಅವರೇ ಅಂತ ಊರಿನವರು ಹೇಳುತ್ತಾರೆ. ಅದು ದಂತಕಥೆ, ಇರಲಿ. ಭತ್ತ ಕೊಯ್ದ ಗದ್ದೆಯಲ್ಲಿ ಎರಡನೇ ಬೆಳೆಯಾಗಿ ಗೋಧಿ ಬರುತ್ತಿತ್ತು. ಸೆತೊ ಒಳಸಮುದ್ರದ ದಡದಲ್ಲಿ ಉಪ್ಪಿನ ಗದ್ದೆಗಳಿದ್ದವು. ಎದುರಿನ ಶೋದೊಶಿಮಾ ದ್ವೀಪದಲ್ಲಿ ಸೋಯಾ ಸಾಸ್. ಪಡುವಣ ತುದಿಯ ಇಬುಕಿ ದ್ವೀಪದಲ್ಲಿ ಸಣ್ಣ ಮೀನು. ಬಟ್ಟಲಿಗೆ ಬೇಕಾದದ್ದೆಲ್ಲ ಕೈಗೆಟಕುವಷ್ಟು ದೂರದಲ್ಲೇ ಇತ್ತು. ಭತ್ತದ ನಾಟಿ ಮುಗಿದ ಮೇಲೆ ಉಡೊನ್ ಮಾಡಿ ಎಲ್ಲರಿಗೂ ಹಂಚುವ ಪದ್ಧತಿಯೂ ಇತ್ತಂತೆ. ಅದನ್ನು ನೆನೆದೇ ಜುಲೈ 2 ಅನ್ನು ಉಡೊನ್ ದಿನ ಅಂತ ಮಾಡಿದ್ದಾರೆ.

ಉಪ್ಪುನೀರು

ತರಗತಿ ಶುರುವಾದದ್ದು ತಕ್ಕಡಿಯಿಂದ. ನಮ್ಮ ಮುಂದೆ ಇದ್ದದ್ದು 500 ಗ್ರಾಂ ಹಿಟ್ಟು, 225 ಗ್ರಾಂ ನೀರು, 25 ಗ್ರಾಂ ಉಪ್ಪು. ಉಪ್ಪನ್ನು ಹಿಟ್ಟಿಗೆ ಹಾಕುವ ಹಾಗಿಲ್ಲ. ಮೊದಲು ನೀರಿನಲ್ಲಿ ಪೂರ್ತಿ ಕರಗಬೇಕು.

ಮೇಷ್ಟ್ರು ಒಂದು ಹಳೆಯ ಸೂತ್ರ ಹೇಳಿಕೊಟ್ಟರು. 'ದೊ ಸಾನ್, ಕಾನ್ ರೊಕು, ಜೋ ಗೊಹೈ.' ಕಡುಬೇಸಿಗೆಯಲ್ಲಿ ಒಂದು ಬಟ್ಟಲು ಉಪ್ಪಿಗೆ ಮೂರು ಬಟ್ಟಲು ನೀರು, ಕಡುಚಳಿಯಲ್ಲಿ ಆರು, ಉಳಿದ ದಿನಗಳಲ್ಲಿ ಐದು. ಅಂದರೆ ಸೆಕೆ ಏರಿದಂತೆ ಉಪ್ಪುನೀರು ಗಟ್ಟಿಯಾಗಬೇಕು. ಇವತ್ತು ಯಾರೂ ಇಷ್ಟು ಉಪ್ಪು ಸುರಿಯುವುದಿಲ್ಲ. ಅಕ್ಷರಶಃ ಹಾಕಿದರೆ ಬೇಸಿಗೆಯ ನೀರಿನಲ್ಲಿ ಉಪ್ಪು ಕರಗುವುದೇ ಕಷ್ಟ. ಆದರೆ ಸೂತ್ರ ತೋರಿಸುವ ದಿಕ್ಕು ಈಗಲೂ ಸರಿ. ನನಗೆ ಈ ತರಗತಿಯಲ್ಲಿ ಸಿಕ್ಕಿದ ಮುಖ್ಯ ವಿಷಯ ಇದೇ. ಉಡೊನ್‌ಗೆ ಒಂದೇ ಅಳತೆ ಅಂತ ಇಲ್ಲ. ಹವೆ ನೋಡಿ ಉಪ್ಪು ಹಾಕಬೇಕು.

ಕಾರಣ ಇದು. ಗೋಧಿ ಹಿಟ್ಟಿಗೆ ನೀರು ತಾಗಿದರೆ ಗ್ಲುಟೆನ್ ಅನ್ನುವ ಅಂಟು ಹುಟ್ಟುತ್ತದೆ. ಸೆಕೆಗೆ ಆ ಅಂಟು ಸಡಿಲ ಆಗುತ್ತದೆ. ಹಿಟ್ಟಿನಲ್ಲೇ ಇರುವ ಕಿಣ್ವಗಳೂ ಚುರುಕಾಗಿ ಅದನ್ನು ತುಂಡರಿಸುತ್ತವೆ. ಉಪ್ಪು ಅಂಟನ್ನು ಬಿಗಿ ಹಿಡಿಯುತ್ತದೆ, ಕಿಣ್ವಗಳ ವೇಗ ತಗ್ಗಿಸುತ್ತದೆ, ಎಳೆ ಬೇಗ ಒಣಗದಂತೆಯೂ ನೋಡಿಕೊಳ್ಳುತ್ತದೆ. 'ಇಷ್ಟು ಉಪ್ಪು ತಿಂದರೆ ಬಿಪಿ ಏರಲ್ವಾ' ಅಂತ ಪಕ್ಕದ ಟೇಬಲ್ಲಿನವರು ಕೇಳಿದರು. ಬೇಯಿಸುವಾಗ ಉಪ್ಪಿನ ಬಹುಪಾಲು ನೀರಿಗೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಉಡೊನ್ ಬೇಯಿಸುವ ನೀರಿಗೆ ಉಪ್ಪು ಹಾಕುವುದಿಲ್ಲ, ನೀರು ಧಾರಾಳವಾಗಿ ಇಡಬೇಕು.

'ಮೂಲ ಊರಿನ ಸನುಕಿ ಉಡೊನ್' ಅಂತ ಪೊಟ್ಟಣದ ಮೇಲೆ ಹಾಕಬೇಕಾದರೆ ಜಪಾನಿನಲ್ಲಿ ನಿಯಮ ಇದೆ. ಕಗಾವಾದಲ್ಲೇ ತಯಾರಾಗಿರಬೇಕು. ಹಿಟ್ಟಿನ ತೂಕಕ್ಕೆ ನೀರು ಶೇಕಡಾ 40ಕ್ಕಿಂತ ಕಮ್ಮಿ ಇರಬಾರದು, ಉಪ್ಪು ಶೇಕಡಾ 3ಕ್ಕಿಂತ ಕಮ್ಮಿ ಇರಬಾರದು. ಹಿಟ್ಟು ಕನಿಷ್ಠ 2 ಗಂಟೆ ನೆನೆಯಬೇಕು. ಬೇಯಿಸಿದರೆ ಸುಮಾರು 15 ನಿಮಿಷದೊಳಗೆ ಪೂರ್ತಿ ಬೆಂದಿರಬೇಕು. ನಮ್ಮ ತರಗತಿಯ ಲೆಕ್ಕದಲ್ಲಿ ನೀರು ಶೇಕಡಾ 45, ಉಪ್ಪು 5.

ತುಳಿತ

ಉಪ್ಪುನೀರನ್ನು ಒಮ್ಮೆಗೇ ಸುರಿಯಬಾರದು. ಮೂರು ಸಲಕ್ಕೆ ಹಂಚಿ, ಬೆರಳುಗಳನ್ನು ಅಗಲಿಸಿ, ಹಿಟ್ಟಿನೊಳಗೆ ಸುತ್ತಿಸಬೇಕು. ಈ ಹಂತದಲ್ಲಿ ಒತ್ತುವ ಹಾಗಿಲ್ಲ. ಪ್ರತಿ ಕಣಕ್ಕೂ ನೀರು ತಾಗಿದರೆ ಸಾಕು. ಸರಿಯಾದಾಗ ಪಾತ್ರೆಯಲ್ಲಿ ಇರುವುದು ಉದುರುದುರಾದ ಉಪ್ಪಿಟ್ಟಿನ ಹಾಗೆ ಕಾಣುತ್ತದೆ. ಚಪಾತಿ ಹಿಟ್ಟು ಕಲಸಿ ಅಭ್ಯಾಸ ಇರುವ ಕೈ ಇಲ್ಲಿ ಸುಮ್ನಿರುವುದಿಲ್ಲ, ಇನ್ನೊಂದು ಚೂರು ನೀರು ಬೇಕು ಅನ್ನುತ್ತದೆ. ಹಾಕಬಾರದು. ಶೇಕಡಾ 45 ನೀರಿನ ಹಿಟ್ಟು ಚಪಾತಿ ಹಿಟ್ಟಿಗಿಂತ ತುಂಬಾ ಗಟ್ಟಿ. ಅದಕ್ಕೇ ಕಾಲು ಬೇಕಾಗುವುದು. ಕೈಯ ಬಲ ಅದಕ್ಕೆ ಸಾಲುವುದಿಲ್ಲ.

ಉದುರನ್ನು ಒಂದು ಮುದ್ದೆ ಮಾಡಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅದನ್ನು ಇನ್ನೊಂದು ಚೀಲದಲ್ಲಿ ಇಟ್ಟು, ಚಾಪೆಯ ಮೇಲೆ ಹಾಕುತ್ತಾರೆ. ಒಗೆದ ಕಾಲುಚೀಲ ಕಡ್ಡಾಯ. ಹಿಮ್ಮಡಿಯಿಂದ ಶುರು ಮಾಡಿ, ನಡುವಿನಿಂದ ಅಂಚಿನ ಕಡೆಗೆ, ಸಣ್ಣ ಸಣ್ಣ ಹೆಜ್ಜೆ. ನಮ್ಮ ತರಗತಿಯಲ್ಲಿ ಹಾಡು ಹಾಕಿ ಕುಣಿಸಿದರು. ಅದು ಪ್ರವಾಸಿಗಳಿಗೆ ಮಾಡುವ ಗಮ್ಮತ್ತು ಅಂತ ಅಂದುಕೊಳ್ಳಬಹುದು, ಆದರೆ ತಾಳ ಇದ್ದರೆ ತುಳಿತ ಸಮ ಬೀಳುತ್ತದೆ ಅನ್ನುವುದೂ ನಿಜ. ಹಿಟ್ಟು ತಟ್ಟೆಯಂತೆ ಹರಡಿದ ಮೇಲೆ ಚೀಲದಿಂದ ತೆಗೆದು ಮೂರು ಮಡಿಕೆ ಮಾಡಿ, ತಿರುಗಿಸಿ ಇಟ್ಟು, ಮತ್ತೆ ತುಳಿಯಬೇಕು.

ಮೊದಲ ತುಳಿತದಲ್ಲಿ ಹಿಟ್ಟಿನ ಮೈ ಒರಟು, ಅಂಚು ಸೀಳಿಕೊಂಡಿರುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ತುಳಿದರೆ ಅದೇ ಹಿಟ್ಟು ನುಣುಪಾಗುತ್ತದೆ. ಈ ಅರ್ಧ ಗಂಟೆ ನಾವು ಏನೂ ಮಾಡುವುದಿಲ್ಲ, ನೀರು ತಾನೇ ಒಳಗೆ ಇಳಿಯುತ್ತದೆ. ಬೆರಳಿನಿಂದ ಒತ್ತಿ, ಆಮೇಲೆ ನಿಮ್ಮ ಕಿವಿಯ ಹಾಲೆ ಒತ್ತಿ ನೋಡಿ, ಎರಡೂ ಒಂದೇ ಮೆದು ಇರಬೇಕು ಅಂತ ಮೇಷ್ಟ್ರು ಹೇಳಿದರು. ಎಲ್ಲರೂ ಒಂದು ಕೈ ಕಿವಿಗೆ, ಒಂದು ಕೈ ಹಿಟ್ಟಿಗೆ ಇಟ್ಟು ನಿಂತಿದ್ದೆವು.

ಆಮೇಲೆ ಅಂಚುಗಳನ್ನು ನಡುವಿಗೆ ಮಡಚಿ ಮಡಚಿ ಸೇವಂತಿಗೆ ಹೂವಿನ ಆಕಾರಕ್ಕೆ ತಂದು, ಮಗುಚಿ, ಉಂಡೆ ಮಾಡಿ, ಮತ್ತೆ 2 ಗಂಟೆ ಮುಚ್ಚಿಟ್ಟರು. ಒಳಗೆ ಗಾಳಿ ಉಳಿಯಬಾರದು. ಉಳಿದರೆ ಲಟ್ಟಿಸುವಾಗ ಗುಳ್ಳೆ ಎದ್ದು, ಎಳೆ ಅಲ್ಲೇ ತುಂಡಾಗುತ್ತದೆ.

ಲಟ್ಟಿಸಿ ಕತ್ತರಿಸುವುದು

ಲಟ್ಟಣಿಗೆ ಉದ್ದದ್ದು, ಹೆಚ್ಚುಕಡಿಮೆ ನನ್ನ ತೋಳಿನಷ್ಟು. ಹಿಟ್ಟನ್ನು ಲಟ್ಟಣಿಗೆಗೇ ಸುತ್ತಿಕೊಂಡು, ಎರಡೂ ಅಂಗೈಯಿಂದ ಒತ್ತುತ್ತಾ ಮುಂದೆ ಉರುಳಿಸಬೇಕು. ಬಿಚ್ಚಿ, ತಿರುಗಿಸಿ, ಮತ್ತೆ ಸುತ್ತಬೇಕು. ಗುಂಡಗಿದ್ದದ್ದು ಹೀಗೇ ನಿಧಾನಕ್ಕೆ ಚೌಕ ಆಗುತ್ತದೆ. ಚೌಕವೇ ಯಾಕೆ ಅಂದರೆ, ಮಡಚಿ ಕತ್ತರಿಸಿದಾಗ ಎಲ್ಲ ಎಳೆಗಳೂ ಒಂದೇ ಉದ್ದ ಬರುತ್ತವೆ. ಗುಂಡಗಿನ ಹಾಳೆ ಕತ್ತರಿಸಿದರೆ ಅಂಚಿನಲ್ಲೆಲ್ಲ ಮೋಟು ತುಂಡುಗಳು.

ದಪ್ಪ 3 ಮಿಲಿಮೀಟರ್, ಕತ್ತರಿಸುವ ಅಗಲವೂ 3. ಬೆಂದ ಮೇಲೆ ಊದಿ ದಪ್ಪವಾಗುತ್ತದೆ. ಕತ್ತರಿಸುವಾಗ ಕತ್ತಿಯನ್ನು ಎಳೆಯಬಾರದು, ನೇರ ಕೆಳಗೆ ಒತ್ತಬೇಕು. ಆಗ ಎಳೆಯ ಅಡ್ಡಕೊಯ್ತ ಚೌಕವಾಗಿ, ಮೂಲೆಗಳು ಚೂಪಾಗಿ ಉಳಿಯುತ್ತವೆ. ಒಳ್ಳೆಯ ಸನುಕಿ ಉಡೊನ್‌ನಲ್ಲಿ ಬೆಂದ ಮೇಲೂ ಆ ಮೂಲೆ ನಾಲಿಗೆಗೆ ತಾಗುತ್ತದೆ. ಮಡಿಕೆಗಳು ಅಂಟದಂತೆ ಉದುರಿಸುವುದು ಹಿಟ್ಟನ್ನಲ್ಲ, ಪಿಷ್ಟವನ್ನು. ಅದು ಬೇಯಿಸುವ ನೀರಿನಲ್ಲಿ ಸುಲಭವಾಗಿ ಕಳಚಿಕೊಳ್ಳುತ್ತದೆ.

ಬೇಯಿಸುವುದು 10ರಿಂದ 12 ನಿಮಿಷ, ಕುದಿ ನಿಲ್ಲದಂತೆ. ಆಮೇಲೆ ತಣ್ಣೀರಿನಲ್ಲಿ ಬಟ್ಟೆ ಒಗೆದಷ್ಟೇ ಜೋರಾಗಿ ತಿಕ್ಕಿ ತೊಳೆಯಬೇಕು. ಮೈಯ ಲೋಳೆ ಪೂರ್ತಿ ಹೋಗಬೇಕು. ಕೊನೆಗೆ ಐಸ್ ನೀರು. ಬಿಸಿ ಸಾರಿನಲ್ಲಿ ತಿನ್ನುವವರಿಗೂ ಮೊದಲು ಈ ತಣ್ಣೀರಿನ ಸ್ನಾನ ಆಗಬೇಕು, ಆಮೇಲೆ ಒಂದು ಕ್ಷಣ ಬಿಸಿನೀರಿಗೆ ಅದ್ದಿ ಬಟ್ಟಲಿಗೆ ಹಾಕುತ್ತಾರೆ. ತೊಳೆಯದೆ ನೇರ ಪಾತ್ರೆಯಿಂದ ಎತ್ತಿ ತಿನ್ನುವ ಕಾಮಾಆಗೆ ಅನ್ನುವ ಬಗೆಯೂ ಇದೆ. ಅದಕ್ಕೆ ಹಸಿ ಮೊಟ್ಟೆ, ಸೋಯಾ ಸಾಸ್ ಬೆರೆಸಿದರೆ ಕಾಮಾತಾಮಾ. ಜಪಾನಿನಲ್ಲಿ ತಿನ್ನುತ್ತೇನೆ. ಊರಿನ ಮೊಟ್ಟೆಯಲ್ಲಿ ಹಸಿ ತಿನ್ನುವ ಸಾಹಸ ಬೇಡ.

ನಾವು ಮಾಡಿದ್ದನ್ನು ನಾವೇ ತಿಂದೆವು. ಅಂಗಡಿಯದ್ದಕ್ಕಿಂತ ಗಟ್ಟಿ ಇತ್ತು. ಎಳೆ ಒಂದೊಂದೂ ಒಂದೊಂದು ಗಾತ್ರ. ರುಚಿಗೆ ಮೋಸ ಇಲ್ಲ.

ಸಾರು

ಸನುಕಿಯ ಸಾರಿಗೆ ಆಧಾರ ಇರಿಕೊ, ಅಂದರೆ ಒಣಗಿಸಿದ ಸಣ್ಣ ಆಂಚೊವಿ ಮೀನು. ಇಬುಕಿ ದ್ವೀಪದ ಇರಿಕೊಗೆ ಹೆಸರು ಜಾಸ್ತಿ. ಹಿಡಿದ ಮೀನನ್ನು ತಡ ಮಾಡದೆ ದ್ವೀಪದಲ್ಲೇ ಉಪ್ಪುನೀರಿನಲ್ಲಿ ಬೇಯಿಸಿ, ಆಮೇಲೆ ಒಣಗಿಸುತ್ತಾರೆ. ಈ 'ಬೇಯಿಸಿ' ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಉಡುಪಿಯಲ್ಲಿ ಬೇಕಾಗುತ್ತದೆ.

ತಲೆ, ಹೊಟ್ಟೆಯ ಕಪ್ಪು ಭಾಗ ಚಿವುಟಿ ತೆಗೆಯಬೇಕು. ಇಲ್ಲದಿದ್ದರೆ ಕಹಿ. ಒಂದು ಲೀಟರ್ ನೀರಿಗೆ 30 ಗ್ರಾಂ ಮೀನು, 10 ಗ್ರಾಂ ಕೊಂಬು ಅನ್ನುವ ಕಡಲಪಾಚಿ. ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಇಡುವುದು. ಕುದಿ ಬರುವ ಮೊದಲೇ ಕೊಂಬು ತೆಗೆದು, ಮೀನನ್ನು ಕೆಲವು ನಿಮಿಷ ಬಿಟ್ಟು, ನೊರೆ ತೆಗೆದು ಸೋಸಿದರೆ ದಾಶಿ ತಯಾರು. ಅದಕ್ಕೆ ಉಸುಕುಚಿ ಸೋಯಾ ಸಾಸ್, ಸ್ವಲ್ಪ ಮಿರಿನ್ (ಅಡುಗೆಗೆ ಹಾಕುವ ಸಿಹಿ ಅಕ್ಕಿ ಮದ್ಯ), ಉಪ್ಪು. ಉಸುಕುಚಿಯ ಬಣ್ಣ ತಿಳಿ, ಆದರೆ ಸಾಮಾನ್ಯ ಸೋಯಾ ಸಾಸ್‌ಗಿಂತ ಉಪ್ಪು ಅದರಲ್ಲೇ ಜಾಸ್ತಿ. ಬಣ್ಣ ನೋಡಿ ಕೈ ಸಡಿಲ ಬಿಟ್ಟರೆ ಕೆಟ್ಟಿತು.

ಚಳಿಗಾಲದಲ್ಲಿ ಇದೇ ದಾಶಿಯಲ್ಲಿ ಮೂಲಂಗಿ, ಕ್ಯಾರೆಟ್, ಕೆಸುವಿನ ಗಡ್ಡೆ, ಕರಿದ ತೋಫು ಬೇಯಿಸಿ ಉಡೊನ್ ಮೇಲೆ ಸುರಿಯುತ್ತಾರೆ. ಅದು ಶಿಪ್ಪೊಕು ಉಡೊನ್. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು.

ಇನ್ನೆರಡು ತಿಂಡಿಗಳನ್ನೂ ತೋರಿಸಿದರು. ಒಂದು ಶೋಯು ಮಾಮೆ. ಒಣ ಬಾಕಳೆಯ (ಫಾವಾ ಬೀನ್ಸ್) ದೊಡ್ಡ ಕಾಳುಗಳನ್ನು ಬಾಣಲೆಯಲ್ಲಿ ಸಿಪ್ಪೆ ಸೀಳುವವರೆಗೆ ಸಣ್ಣ ಉರಿಯಲ್ಲಿ ಹುರಿದು, ಬಿಸಿಬಿಸಿ ಇರುವಾಗಲೇ ಸೋಯಾ ಸಾಸ್, ಸಕ್ಕರೆ, ಒಣಮೆಣಸಿನ ಪಾಕಕ್ಕೆ ಹಾಕಿ ರಾತ್ರಿಯಿಡೀ ಬಿಡುವುದು. ಊರಿನಲ್ಲಿ ಇದನ್ನು ಒಣ ಅವರೆಯಲ್ಲಿ ಮಾಡಲು ಹೋಗಬೇಡಿ. ಒಣ ಅವರೆ ಹುರಿದು ನೆನೆಸಿದರೆ ಸಾಲದು, ಚೆನ್ನಾಗಿ ಬೇಯಲೇಬೇಕು. ಇನ್ನೊಂದು ಹೊಸವರ್ಷದ ಜೋನಿ. ಬಿಳಿ ಮಿಸೊ (ಸೋಯಾ ಕಾಳು ಹುದುಗಿಸಿ ಮಾಡುವ ಉಪ್ಪು ಹಿಟ್ಟು) ಸಾರಿನಲ್ಲಿ ಸಿಹಿ ಹೂರಣ ತುಂಬಿದ ಮೋಚಿ, ಅಂದರೆ ಅಂಟು ಅಕ್ಕಿಯ ಉಂಡೆ. ಉಪ್ಪು ಸಾರಿನೊಳಗೆ ಹೂರಣ! ಜಪಾನಿನ ಬೇರೆ ಊರಿನವರೇ ಮೂಗು ಮುರಿಯುತ್ತಾರೆ. ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ಅದನ್ನು ಮೋಚಿಯೊಳಗೆ ಬಚ್ಚಿಟ್ಟು ತಿನ್ನುತ್ತಿದ್ದರು ಅಂತ ಕಥೆ ಇದೆ. ನನಗೆ ಎರಡನೇ ತುತ್ತಿಗೆ ಒಗ್ಗಿತು.

ಉಡುಪಿಯಲ್ಲಿ

ಏಪ್ರಿಲ್. ಅಡುಗೆಮನೆಯಲ್ಲಿ 33 ಡಿಗ್ರಿ. ಕೈಯಲ್ಲಿ ಇದ್ದದ್ದು ಅಂಗಡಿಯ ಮೈದಾ. ಪೊಟ್ಟಣದಲ್ಲಿ ಪ್ರೋಟೀನ್ ನೂರಕ್ಕೆ ಸುಮಾರು 10 ಗ್ರಾಂ ಅಂತ ಇತ್ತು. ಕಾಗದದ ಮೇಲೆ ಇದು ಉಡೊನ್ ಹಿಟ್ಟಿಗೆ ಹತ್ತಿರ. ತರಗತಿಯ ಅಳತೆಯಲ್ಲೇ ಒಂದು ಉಂಡೆ ಮಾಡಿ ನೋಡಿದೆ. ಒಂದು ಗಂಟೆಯಲ್ಲಿ ಹಿಟ್ಟು ಜೋತುಬಿತ್ತು. ಬೆಂದ ಎಳೆ ಹೊರಗೆ ಮೆತ್ತಗೆ, ಒಳಗೆ ಮುರುಕು. ಎಳೆದರೆ ಹಿಗ್ಗುವುದಿಲ್ಲ, ಪಟ್ಟನೆ ಕಡಿಯುತ್ತದೆ.

ಎರಡು ಬೇರೆ ಬೇರೆ ತೊಂದರೆ ಇವು. ಜೋತುಬೀಳುವುದು ಸೆಕೆಯ ಕೆಲಸ. ಅದಕ್ಕೆ ಮದ್ದು ಹಳೆಯ ಸೂತ್ರದಲ್ಲೇ ಇದೆ. ಉಪ್ಪನ್ನು 25ರಿಂದ 30 ಗ್ರಾಂಗೆ ಏರಿಸಿದೆ, ನೀರನ್ನು 215ಕ್ಕೆ ಇಳಿಸಿದೆ. ಕಡಿಯುವುದಕ್ಕೆ ಕಾರಣ ಪ್ರೋಟೀನ್ ಅಲ್ಲ, ಪಿಷ್ಟ. ಕಗಾವಾದ ಬಹಳಷ್ಟು ಅಂಗಡಿಗಳು ಬಳಸುವುದು ಪಶ್ಚಿಮ ಆಸ್ಟ್ರೇಲಿಯಾದಿಂದ ಬರುವ, ನೂಡಲ್‌ಗೆಂದೇ ಆರಿಸಿದ ಗೋಧಿಯ ಹಿಟ್ಟು. ಕಗಾವಾದ್ದೇ ಆದ 'ಸನುಕಿ ನೊ ಯುಮೆ' ತಳಿಯೂ ಇದೆ. ಆ ಆಸ್ಟ್ರೇಲಿಯಾ ಗೋಧಿಯ ಪಿಷ್ಟದಲ್ಲಿ ಅಮಿಲೋಸ್ ಅನ್ನುವ ಅಂಶ ಕಮ್ಮಿ, ಆದ್ದರಿಂದ ಬೆಂದಾಗ ಚೆನ್ನಾಗಿ ಊದಿ, ಮೆದುವಾಗಿದ್ದೂ ಹಿಗ್ಗುತ್ತದೆ. ನಮ್ಮ ಮೈದಾಕ್ಕೆ ಆ ಗುಣ ಇಲ್ಲ. ಜಪಾನಿನ ಫ್ರೋಜನ್ ಉಡೊನ್ ಪೊಟ್ಟಣಗಳ ಹಿಂದೆ ಮರಗೆಣಸಿನ ಪಿಷ್ಟ ಅಂತ ಬರೆದಿರುವುದು ನೆನಪಿತ್ತು. 450 ಗ್ರಾಂ ಮೈದಾಕ್ಕೆ 50 ಗ್ರಾಂ ಮರಗೆಣಸಿನ ಪಿಷ್ಟ ಬೆರೆಸಿದೆ. ತಕ್ಷಣ ವ್ಯತ್ಯಾಸ ಕಂಡಿತು. ಎಳೆ ಸ್ವಲ್ಪ ಪಾರದರ್ಶಕವಾಗಿ, ಕಚ್ಚಿದರೆ ಹಲ್ಲನ್ನು ಹಿಂದಕ್ಕೆ ತಳ್ಳುವ ಹಾಗೆ ಬಂತು.

ಹಿಟ್ಟು ನೆನೆಯಲು ಬಿಡುವುದನ್ನೂ ಬದಲಿಸಿದೆ. ಮೊದಲ ಅರ್ಧ ಗಂಟೆ ಹೊರಗೆ. ಎರಡನೇ ತುಳಿತ ಮುಗಿದ ಮೇಲೆ ರಾತ್ರಿಯಿಡೀ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ. ಬೆಳಿಗ್ಗೆ ತೆಗೆದು, ಒಳಗಿನ ತಣಿವು ಬಿಡುವವರೆಗೆ ಕಾದು, ಆಮೇಲೆ ಲಟ್ಟಿಸುವುದು.

ತುಳಿತದ ವಿಷಯಕ್ಕೆ ಮನೆಯಲ್ಲಿ ದೊಡ್ಡ ಗಲಾಟೆ. 'ತಿನ್ನುವ ವಸ್ತುವಿಗೆ ಕಾಲು ತಾಗಿಸ್ತಾರಾ?' ಅಂತ ಅಮ್ಮ. ಎರಡು ಚೀಲ, ಕಾಲುಚೀಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಕಗಾವಾದಲ್ಲೂ ಅನೇಕ ಅಂಗಡಿಗಳಲ್ಲಿ ಈಗ ತುಳಿಯುವುದಕ್ಕೆ ಯಂತ್ರ ಇದೆ ಅಂದೆ, 'ಹಾಗಾದ್ರೆ ಯಂತ್ರ ತಾ' ಅಂದರು. ಕೊನೆಗೆ ರಾಜಿಯಾದದ್ದು ಮಣೆಯಲ್ಲಿ. ಚೀಲದ ಮೇಲೆ ಹಳೆಯ ಹಲಸಿನ ಮರದ ಮಣೆ ಇಟ್ಟು, ನಾನು ಮಣೆಯ ಮೇಲೆ ನಿಲ್ಲುವುದು. ಕೆಲಸ ಆಗುತ್ತದೆ, ಆದರೆ ಹಿಮ್ಮಡಿಯ ಒತ್ತಡ ಒಂದು ಬಿಂದುವಿಗೆ ಬೀಳುತ್ತದೆ, ಮಣೆಯದ್ದು ಹರಡಿಹೋಗುತ್ತದೆ. ಹಾಗಾಗಿ ಒಂದು ಬದಿಗೆ ಭಾರ ಹಾಕಿ, ಆಮೇಲೆ ಇನ್ನೊಂದು ಬದಿಗೆ, ಹೀಗೆ ಓಲಾಡಬೇಕು. ಮಡಿಕೆಗಳನ್ನೂ ಜಾಸ್ತಿ ಮಾಡಬೇಕು. ಗೋಡೆ ಹಿಡಿದುಕೊಂಡು ಮಾಡಿ, ಮಣೆ ಜಾರುತ್ತದೆ.

ಸಾರಿಗೆ ಮಲ್ಪೆಯ ಒಣಮೀನು ಅಂಗಡಿಯಿಂದ ಸಣ್ಣ ಬೊಲೆಂಜಿರ್ ತಂದೆ. ನೋಡುವುದಕ್ಕೆ ಇರಿಕೊಗೆ ಹತ್ತಿರ. ಆದರೆ ನಮ್ಮಲ್ಲಿ ಮೀನನ್ನು ಬೇಯಿಸದೆ, ಹಸಿಯಾಗೇ ಬಿಸಿಲಿಗೆ ಹಾಕುತ್ತಾರೆ. ಅದನ್ನು ನೆನೆಸಿದರೆ ದಾಶಿ ಮಂಕಾಗಿ, ವಾಸನೆ ಜೋರಾಗಿ ಬಂತು. ಗಸಿ ಮಾಡಿದ್ದರೆ ಚೆನ್ನಾಗಿರುತ್ತಿತ್ತು, ಉಡೊನ್‌ಗೆ ಭಾರವಾಯಿತು. ತಲೆ ಹೊಟ್ಟೆ ತೆಗೆದು, ಮರಳು ಹೋಗುವಂತೆ ತೊಳೆದು, ಒರೆಸಿ, ಬಾಣಲೆಯಲ್ಲಿ ಎಣ್ಣೆ ಇಲ್ಲದೆ ಗರಿಗರಿ ಹುರಿದು, ಆಮೇಲೆ ನೆನೆಸಿದಾಗ ಪರವಾಗಿಲ್ಲ ಅನ್ನುವ ಮಟ್ಟಕ್ಕೆ ಬಂತು. ಇರಿಕೊ ಅಲ್ಲ, ಆದರೆ ಕುಡಿಯಬಹುದು. ಈ ಮೀನಿನಲ್ಲೇ ಉಪ್ಪು ಇರುವುದರಿಂದ ಸೋಯಾ ಸಾಸ್ ಹಾಕುವ ಮೊದಲು ರುಚಿ ನೋಡಿ.

ಮೀನು ತಿನ್ನದ ಅತ್ತೆಗೆ ಕೊಂಬು ಮತ್ತು ಒಣ ಶಿಯಿಟಾಕೆ ಅಣಬೆ. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು, ನಾಲ್ಕು ಅಣಬೆ, ಫ್ರಿಜ್ಜಿನಲ್ಲಿ ರಾತ್ರಿಯಿಡೀ. ಅಣಬೆ ತಣ್ಣೀರಿನಲ್ಲೇ ನಿಧಾನಕ್ಕೆ ನೆನೆದರೆ ಪರಿಮಳ ಚೆನ್ನ. ಗಡಸು ನೀರಿನಲ್ಲಿ ಕೊಂಬು ಸರಿಯಾಗಿ ರಸ ಬಿಡುವುದಿಲ್ಲ. ಬೋರ್‌ವೆಲ್ ನೀರು ಬಿಟ್ಟು ಆರ್‌ಒ ಫಿಲ್ಟರ್ ನೀರು ಹಾಕಿ. ಉಸುಕುಚಿ ಇರಲಿಲ್ಲ, ಸಾಮಾನ್ಯ ಸೋಯಾ ಸಾಸ್ ಅರ್ಧ ಹಾಕಿ, ಉಳಿದದ್ದನ್ನು ಉಪ್ಪಿನಲ್ಲಿ ಸರಿ ಮಾಡಿದೆ. ಮಿರಿನ್ ಬದಲು ಒಂದು ಚೂರು ಬೆಲ್ಲ ಹಾಕಿ ನೋಡಿದೆ. ಬೇಡ. ಬೆಲ್ಲದ ವಾಸನೆ ಕೊಂಬುವನ್ನು ಮುಚ್ಚಿಬಿಡುತ್ತದೆ, ಸಕ್ಕರೆಯೇ ಸರಿ.

ಶಿಪ್ಪೊಕುಗೆ ಕೆಸುವಿನ ಗಡ್ಡೆ, ಮೂಲಂಗಿ, ಕ್ಯಾರೆಟ್ ಇಲ್ಲೇ ಸಿಗುತ್ತವೆ. ಊರಿನ ಕೆಸು ಕೆಲವು ಸಲ ಗಂಟಲು ತುರಿಸುತ್ತದೆ. ಮೊದಲು ಹುಳಿ ಹಾಕಿ ಬೇಯಿಸಿ, ಆ ನೀರು ಚೆಲ್ಲಿ, ಆಮೇಲೆ ದಾಶಿಗೆ ಹಾಕಿ. ಹುಳಿಯ ಅಂಶ ಉಳಿಯದಂತೆ ತೊಳೆಯಿರಿ.

ಒಂದು ಎಚ್ಚರಿಕೆ. ಬೆಂದ ಉಡೊನ್ ಕಾಯುವುದಿಲ್ಲ. ತೊಳೆದು ಅರ್ಧ ಗಂಟೆ ಇಟ್ಟರೆ ಮೇಲಿನ ನೀರು ಒಳಗೆ ಇಳಿದು, ಜಗಿತ ಹೋಗುತ್ತದೆ. ಮೊದಲು ಎಲ್ಲರನ್ನೂ ಊಟಕ್ಕೆ ಕೂರಿಸಿ, ಆಮೇಲೆ ಎಳೆಗಳನ್ನು ನೀರಿಗೆ ಹಾಕಿ. ಕತ್ತರಿಸಿದ ಹಸಿ ಎಳೆಗಳನ್ನು ಬೇಕಾದರೆ ಪಿಷ್ಟ ಉದುರಿಸಿ ಫ್ರಿಜ್ಜಿನಲ್ಲಿ ಮರುದಿನದವರೆಗೆ ಇಡಬಹುದು.

ಮಳೆಗಾಲದಲ್ಲಿ ಊರಿಗೆ ಬಂದಾಗ ಉಪ್ಪನ್ನು ಮತ್ತೆ 25 ಗ್ರಾಂಗೆ ಇಳಿಸಿ ನೋಡಬೇಕು. ಉಚಿಕೋಮಿ ಅಂತ ಇನ್ನೊಂದು ಬಗೆ ಬಾಕಿ ಇದೆ. ಅದರಲ್ಲಿ ಹಿಟ್ಟಿಗೆ ಉಪ್ಪೇ ಇಲ್ಲ, ಹಸಿ ಎಳೆಗಳನ್ನು ನೇರ ತರಕಾರಿ ಮಿಸೊ ಸಾರಿಗೇ ಹಾಕಿ ಕುದಿಸುತ್ತಾರೆ. ಉಪ್ಪಿಲ್ಲದ ಮೈದಾ ಹಿಟ್ಟು ಉಡುಪಿಯ ಸೆಕೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೋ ನೋಡೋಣ. ಮಣೆ ತೊಳೆದು ಒಣಗಿಸಿ ಇಟ್ಟಿದ್ದೇನೆ.